ಸಾಸಿವೆ, ಮೆಣಸು, ಒಂದು ತೆಂಗಿನಕಾಯಿ: 7ನೇ ಕ್ಲಾಸ್ ಪೋಷಕರಿಗೆ

ಪೋಷಕರೆಲ್ಲರಿಗೂ ನಮಸ್ಕಾರ,

ಈ ಶನಿವಾರಕ್ಕೆ ಅಂತ ನಿಮ್ಮ ಮಕ್ಳು ಮನೇಲಿ ಸಾಸಿವೆ, ಕಾಳುಮೆಣಸು, ಕಾಬೂಲ್ ಕಡಲೆ ಕೇಳ್ತಾರೆ, ದಯವಿಟ್ಟು ಬೈಬೇಡಿ, ನಾನೇ ಹೇಳಿ ಕಳ್ಸಿದೀನಿ. ಅನುಪಾತದ ಪಾಠಾನ ಗ್ರಹಗಳ ಮೇಲೆ ಮಾಡ್ತಿದೀವಿ.

ಹೋದ ವಾರ ಒಂದು ಪ್ರಶ್ನೆ ಕೇಳ್ದೆ. ಗುರು ಗ್ರಹದ ಅಗಲ ಭೂಮಿಯ ಸುಮಾರು 11 ಪಟ್ಟು, ಹಾಗಾದ್ರೆ ಅದ್ರೊಳಗೆ ಎಷ್ಟು ಭೂಮಿ ಹಿಡಿಸ್ಬೋದು? ಇಡೀ ಕ್ಲಾಸು 11 ಅಂತು. ನಾನು ಸರಿ ತಪ್ಪು ಏನೂ ಹೇಳ್ಲಿಲ್ಲ, ಜೇಡಿಮಣ್ಣಲ್ಲಿ ಪುಟ್ಟ ಪುಟ್ಟ ಚೌಕದ ತುಂಡು ಮಾಡಿ ಉದ್ದಕ್ಕೆ 3, ಅಗಲಕ್ಕೆ 3, ಎತ್ತರಕ್ಕೆ 3 ಜೋಡ್ಸಿ ಅಂದೆ. ಎಣ್ಸಿದ್ರೆ 27! ಆಮೇಲೆ ಹಿಂದಿನ ಬೆಂಚಿನ ಒಬ್ಳು ಹುಡುಗಿ ತಾನೇ ಎದ್ದು ಬಂದು ಬೋರ್ಡಲ್ಲಿ 11×11×11 ಬರೆದು 1,331 ಅಂದ್ಲು. ಗುರು ಪೂರ್ತಿ ದುಂಡಗಿಲ್ಲ, ಸ್ವಲ್ಪ ಚಪ್ಪಟೆ, ನಿಜವಾದ ಲೆಕ್ಕ ಸುಮಾರು 1,300. ಅವಳ ಮುಖ ನೋಡ್ಬೇಕಿತ್ತು ನೀವು, ನಂಗೆ ಆ ದಿನ ಪೂರ್ತಿ ಖುಷಿ.

ಶನಿವಾರ ಸ್ಕೂಲಲ್ಲಿ ಇವನ್ನೆಲ್ಲಾ ಅಳತೆ ಪ್ರಕಾರ ದೂರ ದೂರ ಇಟ್ಟು ಸೌರಮಂಡಲದ ಮಾಡೆಲ್ ಮಾಡ್ತೀವಿ. ಅದ್ರಲ್ಲಿ ಭೂಮಿ ಅಂದ್ರೆ 1 ಮಿ.ಮೀ. ಸಣ್ಣ ಸಾಸಿವೆ. ಆ ಲೆಕ್ಕದಲ್ಲಿ ಸೂರ್ಯ 11 ಸೆಂ.ಮೀ., ಸುಲಿದ ತೆಂಗಿನಕಾಯಿ ಸಾಕು. ಗುರು ದಪ್ಪ ಕಾಬೂಲ್ ಕಡಲೆ, ನೆಪ್ಚೂನ್ ಕಾಳುಮೆಣಸು, ಮಂಗಳಕ್ಕೆ ಒಂದು ರವೆ ಕಾಳು. ಕಾಯಿಂದ ಸಾಸಿವೆಗೆ ಸುಮಾರು 12 ಮೀಟರ್, ಕಡಲೆಗೆ 61, ಮೆಣಸಿಗೆ 350 ಮೀಟರ್ ದಾಟುತ್ತೆ! ಇದೇ ಅಳತೆಯಲ್ಲಿ ಬೆಳಕು ಸೆಕೆಂಡಿಗೆ ಎರಡೂವರೆ ಸೆಂ.ಮೀ. ಕೂಡ ಹೋಗಲ್ಲ, ಇರುವೆ ಥರ ಹರಿದು ಸಾಸಿವೆ ತಲುಪೋಕೆ 8 ನಿಮಿಷ ಬೇಕು.

ಅದಕ್ಕೇ ಕೇಳ್ಕೊಳ್ಳೋದು, ಅಂಗಡೀಲಿ ಸಿಗೋ ಥರ್ಮಾಕೋಲ್ ಮಾಡೆಲ್ ತರ್ಬೇಡಿ. ಅದ್ರಲ್ಲಿ ಎಲ್ಲಾ ಗ್ರಹ ಪಕ್ಕಪಕ್ಕದಲ್ಲೇ ಇರುತ್ತೆ, ಮಕ್ಳ ಮನಸಲ್ಲಿ ಆ ಚಿತ್ರಾನೇ ಕೂತ್ಬಿಡುತ್ತೆ, ಅದನ್ನ ಅಳಿಸೋದು ತುಂಬಾ ಕಷ್ಟ. ಮನೇಲಿ ಲೆಕ್ಕ ಕೇಳಿದ್ರೆ ಉತ್ತರ ಹೇಳ್ಬಿಡ್ಬೇಡಿ, ಎಷ್ಟರಿಂದ ಭಾಗಿಸ್ದೆ ಅಂತ ಕೇಳಿ ಸಾಕು. ಬುಧ ಗ್ರಹಕ್ಕೆ ವರ್ಷ ಅಂದ್ರೆ 88 ದಿನ, ಅಲ್ಲಿ ಅಜ್ಜಿಗೆ ಎಷ್ಟು ವಯಸ್ಸಾಗುತ್ತೆ ಅಂತ ಕೇಳಿ ನೋಡಿ, ರಾತ್ರಿ ಊಟದ ಹೊತ್ತಿಗೆ ಲೆಕ್ಕ ಮುಗ್ಸಿರ್ತಾರೆ.

ಮೆಣಸು ಇಡೋಕೆ ಗೇಟ್ ದಾಟಿ ರಸ್ತೇಲಿ ನಡೀಬೇಕಾಗುತ್ತೆ, ಬೈಕುಗಳ ಓಡಾಟ ಜಾಸ್ತಿ. ಬೆಳಿಗ್ಗೆ 9ಕ್ಕೆ ಬಂದು ಮಕ್ಳ ಜೊತೆ ನಿಲ್ಲೋಕೆ ನಾಲ್ಕು ಜನ ಪೋಷಕರು ಬೇಕು, ಬರೋರು ಡೈರೀಲಿ ಬರೆದು ಕಳ್ಸಿ.

ಇಂತಿ,
ಮುಖ್ಯ ಶಿಕ್ಷಕಿ