ಸೂಚಿಪರ್ಣಿ ಅರಣ್ಯದ ಪಾಠದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಏಳನೇ ತರಗತಿಯ ಮಕ್ಕಳು ಈಗ ಸೂಚಿಪರ್ಣಿ ಅರಣ್ಯದ, ಅಂದರೆ ಟೈಗಾದ, ಪಾಠವನ್ನು ಕಲಿಯುತ್ತಿದ್ದಾರೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಾನೇ ಓದಿದೆ. ಅಲ್ಲಿನ ಮರಗಳ ಎಲೆ ಸೂಜಿಯಂತಿರುವುದೇಕೆ ಎಂಬ ಪ್ರಶ್ನೆಗೆ ಬಹುತೇಕ ಮಕ್ಕಳು ‘ಚಳಿ ಇರುವುದರಿಂದ’ ಎಂದಷ್ಟೇ ಬರೆದಿದ್ದಾರೆ. ಉತ್ತರ ತಪ್ಪಲ್ಲ, ಅರ್ಧಕ್ಕೆ ನಿಂತಿದೆ.

ಅಲಾಸ್ಕ, ಕೆನಡಾ, ಸ್ಕ್ಯಾಂಡಿನೇವಿಯ ಮತ್ತು ರಷ್ಯಾಗಳ ಉದ್ದಕ್ಕೂ ಹಬ್ಬಿರುವ ಈ ಕಾಡಿನಲ್ಲಿ ಚಳಿಗಾಲ ಬಹಳ ದೀರ್ಘ, ಬೇಸಿಗೆ ಅಲ್ಪಕಾಲದ್ದು. ಸೈಬೀರಿಯದ ವೆರ್ಖೊಯಾನ್ಸ್ಕ್ ಪಟ್ಟಣದಲ್ಲಿ 1892ರಲ್ಲಿ ಉಷ್ಣಾಂಶ ಸೊನ್ನೆಗಿಂತ 67 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದಿತ್ತು; 2020ರ ಜೂನ್‌ನಲ್ಲಿ ಅದೇ ಪಟ್ಟಣದಲ್ಲಿ 38 ಡಿಗ್ರಿ ದಾಖಲಾಯಿತು. ಆದರೆ ಅಲ್ಲಿನ ಮರಕ್ಕೆ ಚಳಿಯಷ್ಟೇ ದೊಡ್ಡ ಸಂಕಟವೆಂದರೆ ನೀರಿನ ಅಭಾವ. ಸುತ್ತಲೂ ಹಿಮ ರಾಶಿ ಬಿದ್ದಿದ್ದರೂ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿರುವುದರಿಂದ ಬೇರಿಗೆ ಅದು ದಕ್ಕುವುದಿಲ್ಲ. ಎಲೆ ಸಣ್ಣದಾಗಿ, ಮೇಣದ ಲೇಪನ ಹೊದ್ದು, ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳನ್ನು, ಕುಳಿಗಳೊಳಗೆ ಅಡಗಿಸಿಕೊಂಡಿರುವುದು ಇದ್ದ ನೀರು ಆವಿಯಾಗಿ ಹೋಗದಿರಲೆಂದು. ಪೈನ್, ಸ್ಪ್ರೂಸ್, ಫರ್ ಮರಗಳು ಎಲೆಗಳನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದರಿಂದ, ಹಿಮ ಕರಗಿದೊಡನೆ, ಹೊಸ ಚಿಗುರಿಗೆ ಕಾಯದೆ, ಆಹಾರ ತಯಾರಿಸತೊಡಗುತ್ತವೆ. ಉದುರಿದ ಎಲೆ ನಿಧಾನವಾಗಿ ಕೊಳೆಯುವ ಆ ಸತ್ವಹೀನ, ಆಮ್ಲೀಯ ಮಣ್ಣಿನಲ್ಲಿ ಪ್ರತಿವರ್ಷ ಹೊಸ ಎಲೆ ತಳೆಯುವುದು ದುಬಾರಿಯೂ ಹೌದು.

ಹಾಗಾದರೆ ಇದೇ ಕಾಡಿನ, ಸೂಜಿಯಂಥ ಎಲೆಯದ್ದೇ ಆದ ಲಾರ್ಚ್ ಮರ ಮಾತ್ರ ಚಳಿಗಾಲಕ್ಕೆ ಮುನ್ನ ಎಲೆ ಉದುರಿಸುವುದೇಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಡೀ ಪರೀಕ್ಷೆಯಲ್ಲಿ ಬಂದ ಉತ್ತರಗಳಿಗಿಂತ ಈ ಪ್ರಶ್ನೆಯೇ ನನಗೆ ಹೆಚ್ಚು ಮೆಚ್ಚುಗೆಯಾಯಿತು. ಚಳಿ ಅತಿ ತೀವ್ರವಾಗಿರುವ ಪೂರ್ವ ಸೈಬೀರಿಯದಲ್ಲಿ ಅದೇ ಪ್ರಧಾನ ಮರ. ಎಲೆಯನ್ನೇ ಕಳಚಿಬಿಟ್ಟರೆ ಅದರ ಮೂಲಕ ನೀರು ನಷ್ಟವಾಗುವ ಭಯವೇ ಇಲ್ಲ.

ಪ್ರಾಣಿಗಳ ವಿಷಯದಲ್ಲಿಯೂ ಮಕ್ಕಳು ಹೆಸರುಗಳ ಪಟ್ಟಿಯನ್ನು ಚೆನ್ನಾಗಿಯೇ ಒಪ್ಪಿಸುತ್ತಾರೆ: ಮೂಸ್ ಎಂಬ ದೊಡ್ಡ ಜಿಂಕೆ, ಲಿಂಕ್ಸ್ ಎಂಬ ಕಾಡುಬೆಕ್ಕು, ತೋಳ, ಕಂದು ಕರಡಿ. ಉತ್ತರ ಅಮೆರಿಕದ ಹಿಮಮೊಲದ ಕಂದು ತುಪ್ಪಳ ಚಳಿಗಾಲದಲ್ಲಿ ಬಿಳಿಯಾಗುತ್ತದೆ ಎಂಬುದೂ ಅವರಿಗೆ ಗೊತ್ತು. ಆ ಬದಲಾವಣೆ ನಡೆಯುವುದು ಹಿಮವನ್ನು ಕಂಡಲ್ಲ, ಹಗಲಿನ ಅವಧಿ ಕಡಿಮೆಯಾದಂತೆ ಎಂಬುದನ್ನು ಸೇರಿಸಿ ಹೇಳಿದರೆ, ಹಿಮ ತಡವಾಗಿ ಬಿದ್ದ ವರ್ಷ ಕಂದು ನೆಲದ ಮೇಲೆ ಬಿಳಿ ಮೊಲದ ಗತಿಯೇನು ಎಂದು ಅವರೇ ಯೋಚಿಸುತ್ತಾರೆ. ಅಲ್ಲಿನ ಕಾಡುಕಪ್ಪೆಯೊಂದು ದೇಹದ ಬಹುಪಾಲು ನೀರು ಹೆಪ್ಪುಗಟ್ಟಿ, ಹೃದಯಬಡಿತವೂ ನಿಂತು, ವಸಂತದಲ್ಲಿ ಮತ್ತೆ ಕುಪ್ಪಳಿಸುತ್ತದೆಂದರೆ ಯಾವ ಮಗು ‘ಹೇಗೆ’ ಎಂದು ಕೇಳದಿದ್ದೀತು?

ಮುಂದಿನ ಶುಕ್ರವಾರದೊಳಗೆ ಪ್ರತಿಯೊಬ್ಬರೂ ಈ ಕಾಡಿನ ಒಂದು ಗಿಡವನ್ನೋ ಪ್ರಾಣಿಯನ್ನೋ ಆರಿಸಿಕೊಂಡು, ಅದರ ಚಿತ್ರ ಬಿಡಿಸಿ, ಅದರ ಯಾವುದಾದರೂ ಒಂದು ಲಕ್ಷಣಕ್ಕೆ ಕಾರಣವನ್ನು ಒಂದು ಪುಟದಲ್ಲಿ ಬರೆದು ತರಬೇಕು. ದಯವಿಟ್ಟು ಸಿದ್ಧ ಚಾರ್ಟ್ ಕೊಡಿಸಬೇಡಿ, ಉತ್ತರವನ್ನು ನೀವೇ ಹೇಳಿ ಬರೆಸಲೂ ಬೇಡಿ. ಬರೆದದ್ದನ್ನು ಒಮ್ಮೆ ಓದಿಸಿ ಕೇಳಿ, ‘ಅದು ಏಕೆ ಹಾಗೆ?’ ಎಂದು ವಿಚಾರಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು