ಲಾಂಚಿನ ಹಿಂದಿನ ಅಲೆ

ಲೆಮಾಂಟ್, ಇಲಿನಾಯ್

ಪ್ರೀತಿಯ ಅಪ್ಪನಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಇನ್ನೂ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ಅಷ್ಟು ದುಡ್ಡು ಯಾಕೆ ಬೇಕು ಆ ಮೆಷಿನ್ನಿಗೆ, ಕಡಿಮೆಗೆ ಆಗಲ್ವಾ?" ಅಂತ. ಉತ್ತರ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಎಲೆಕ್ಟ್ರಾನುಗಳನ್ನು ಓಡಿಸಿ ಶಕ್ತಿ ಏರಿಸುವ ಆ ಮೆಷಿನ್ನನ್ನು ಕಡಿಮೆಗೆ ಮಾಡುವುದೇ ನನ್ನ ಕೆಲಸ ಅಪ್ಪ.

ಹೊಳೆಬಾಗಿಲಲ್ಲಿ ಲಾಂಚು ಹೊರಟರೆ ಹಿಂದೆ ಅಲೆ ಏಳುತ್ತಿತ್ತು, ನೆನಪಿದೆಯಾ? ನಾವೂ ಎಲೆಕ್ಟ್ರಾನುಗಳ ಒಂದು ಗುಂಪನ್ನು ಪ್ಲಾಸ್ಮಾದೊಳಗೆ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನು ಕಳಚಿಕೊಂಡ ಅನಿಲದೊಳಗೆ, ನುಗ್ಗಿಸುತ್ತೇವೆ. ಅದೇ ನಮ್ಮ ಲಾಂಚು. ಡ್ರೈವ್ ಬೀಮ್ ಅಂತ ಕರೆಯುತ್ತೇವೆ. ಅದರ ಅಲೆ ಹತ್ತಿ ಬರುವ ಇನ್ನೊಂದು ಗುಂಪಿಗೆ ಶಕ್ತಿ ಏರುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 42 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ಕಿರಣದ ಕೆಲವು ಎಲೆಕ್ಟ್ರಾನುಗಳ ಶಕ್ತಿ ಬರೀ 85 ಸೆಂಟಿಮೀಟರ್ ಪ್ಲಾಸ್ಮಾದಲ್ಲಿ ಎರಡು ಪಟ್ಟಾಯಿತು. ಆ 42 ಮುಟ್ಟಿಸಲು ಸುಮಾರು 3 ಕಿಲೋಮೀಟರ್ ಉದ್ದದ ಯಂತ್ರ ಬೇಕಾಗಿತ್ತು!

ಹಾಗಾದರೆ ದುಡ್ಡು ಹೋಗುವುದೆಲ್ಲಿ? ಅಲೆಗಲ್ಲ, ಲಾಂಚಿಗೆ. ಯುರೋಪಿನವರು 2023ರಲ್ಲಿ ಹಾಲ್ಫ್ ಅನ್ನುವ ಕೊಲೈಡರ್, ಅಂದರೆ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದ, ಯೋಜನೆ ಮುಂದಿಟ್ಟರು. ಉದ್ದ ಬರೀ 3.3 ಕಿಲೋಮೀಟರ್. ಅಲ್ಲೂ ಪ್ಲಾಸ್ಮಾ ಅಗ್ಗ, ಡ್ರೈವ್ ಬೀಮ್ ಓಡಿಸುವ ಯಂತ್ರವೇ ದುಬಾರಿ.

ನಮ್ಮ ಕೈಯಲ್ಲಿರುವುದು ಲಾಂಚಿನಂಥ ಆ ಮುಂದಿನ ಗುಂಪಿನ ಆಕಾರ. ಹಿಂದೆ ಮುಂದೆ ಒಂದೇ ಥರ ಇದ್ದರೆ, ಅದರೊಳಗಿನ ಕೆಲವು ಎಲೆಕ್ಟ್ರಾನುಗಳು ಬೇಗ ಸೋತುಹೋಗುತ್ತವೆ, ಉಳಿದವುಗಳ ಶಕ್ತಿ ಸುಮ್ನೆ ಉಳಿದುಬಿಡುತ್ತದೆ. ಆಗ ಹಿಂದಿನ ಗುಂಪಿನ ಒಂದೊಂದು ಎಲೆಕ್ಟ್ರಾನಿಗೆ, ಮುಂದಿನ ಎಲೆಕ್ಟ್ರಾನು ಕಳೆದುಕೊಂಡದ್ದರ ಎರಡು ಪಟ್ಟಿಗಿಂತ ಜಾಸ್ತಿ ಸಿಗುವುದಿಲ್ಲ. ಮುಂದೆ ತೆಳು, ಹಿಂದೆ ದಪ್ಪ ಇರುವ ತ್ರಿಕೋನ ಮಾಡಿದರೆ ಎಲ್ಲವೂ ಸಮನಾಗಿ ಹೊರೆ ಹೊರುತ್ತವೆ. 2020ರಲ್ಲಿ ಇಲ್ಲಿ, ನಮ್ಮ ಆರ್ಗಾನ್ ಪ್ರಯೋಗಾಲಯದಲ್ಲಿ, ಪ್ಲಾಸ್ಮಾದಲ್ಲಿ 7.8 ಪಟ್ಟು ಸಿಕ್ಕಿತು. ಹಾಗಂತ ಶಕ್ತಿ ಪುಕ್ಕಟೆ ಹುಟ್ಟುವುದಿಲ್ಲ. ಪಟ್ಟು ಹೆಚ್ಚಿದಷ್ಟೂ ಅಲೆ ಹತ್ತುವ ಎಲೆಕ್ಟ್ರಾನುಗಳು ಕಡಿಮೆ ಆಗಬೇಕು. ಆದರೂ ಲಾಂಚಿನ ಯಂತ್ರ ಚಿಕ್ಕದಾಗುತ್ತದೆ.

ಆ ಆಕಾರ ಕೊಡುವುದು ಒಂದು ತೆಳು ಲೋಹದ ತಗಡು. ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ನಡುವೆ ಒಂದು ಕಿರಿದಾದ ತೂತು, ಒಂದು ತುದಿಯಲ್ಲಿ ಚೂಪು, ಇನ್ನೊಂದು ತುದಿಗೆ ಅಗಲ. ಅಮ್ಮ ರಂಗೋಲಿ ಹಾಕುವ ತೂತಿನ ತಗಡೇ ಕಣ್ಣಿಗೆ ಬಂತು. ಕಿರಣ ಅದರಲ್ಲಿ ನುಸುಳಿ ಬಂದಮೇಲೆ ಆಯಸ್ಕಾಂತಗಳೂ ಒಂದು ಕ್ಯಾವಿಟಿಯೂ (ರೇಡಿಯೋ ಅಲೆ ತುಂಬಿದ ಲೋಹದ ಪೆಟ್ಟಿಗೆ) ಸೇರಿ ಅಡ್ಡಕ್ಕಿದ್ದ ಆಕಾರವನ್ನು ಉದ್ದಕ್ಕೆ ತಿರುಗಿಸುತ್ತವೆ. ಮೊದಲ ಸಲ ಪರದೆಯ ಮೇಲೆ ಆ ಇಳಿಜಾರು ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಆದರೆ ತಗಡಿಗೆ ತಾಗಿದ ಎಲೆಕ್ಟ್ರಾನೆಲ್ಲ ಹಾಳು. ಕಷ್ಟಪಟ್ಟು ಓಡಿಸಿದ್ದನ್ನು ಹೀಗೆ ಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಎಲೆಕ್ಟ್ರಾನ್ ಹುಟ್ಟುವ ಜಾಗದಲ್ಲೇ ಲೇಸರ್ ಬೆಳಕಿನಿಂದ ಆಕಾರ ಕೊಟ್ಟರೆ ಚೆಲ್ಲಬೇಕಾಗಿಲ್ಲ, ಅಲ್ವಾ? ಈಗ ನಾನು ಕೂತಿರುವುದು ಆ ಲೆಕ್ಕಕ್ಕೇ.

ಅಡಿಕೆ ಒಣಗಿತಾ? ಅಮ್ಮನ ಮಂಡಿನೋವು ಹೇಗಿದೆ, ಮರೆಯದೆ ಬರೆಯಿರಿ. ನನಗೆ ಇವತ್ತು ರಾತ್ರಿ ಪಾಳಿ, ಹೊರಡುತ್ತೇನೆ.

ನಿಮ್ಮ ಮಗಳು