ಅಪ್ಪನ ಕಣ್ಣು, ಅಮ್ಮನ ಕಿವಿ, ಒಂದೇ ಡಬ್ಬದ ಮಾತ್ರೆಗಳು

ಚಿಕ್ಕಬಳ್ಳಾಪುರ

ಪ್ರೀತಿಯ ವೆಂಕಟೇಶ,

ಅಪ್ಪನಿಗೆ ಕಣ್ಣು ಮಂಜು, ಅಮ್ಮನಿಗೆ ಕಿವಿ ಮಂದ, ಮಾತ್ರೆ ತಪ್ಪದ ಹಾಗೆ ಏನು ಮಾಡಲಿ ಅಂತ ಕೇಳಿ ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದೇ ಬಿಸ್ಕತ್ ಡಬ್ಬದಲ್ಲಿ ಅಪ್ಪನ ಶುಗರ್ ಮಾತ್ರೆ, ಅಮ್ಮನ ಬಿಪಿ ಮಾತ್ರೆ, ಥೈರಾಯ್ಡ್ ಬಾಟಲಿ, ಕಣ್ಣಿನ ಹನಿ, ಕಿವಿಯ ಹನಿ, ಯಾವತ್ತೋ ಕೆಮ್ಮಿಗೆ ತಂದ ಸಿರಪ್, ಎಲ್ಲದರ ಮೇಲೆ ಅಮ್ಮನ ಕಿವಿ ಮೆಷಿನ್ನಿನ ಬ್ಯಾಟರಿ. ಆ ಬ್ಯಾಟರಿಯನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸು. ಅದು ಗಾತ್ರದಲ್ಲೂ ನುಣುಪಿನಲ್ಲೂ ಮಾತ್ರೆಯ ಹಾಗೇ ಇರುತ್ತದೆ. ಕಣ್ಣು ಮಂಜಾದ ವಯಸ್ಸಾದವರು ಅದನ್ನೇ ಮಾತ್ರೆ ಅಂತ ನುಂಗಿದ್ದು ಎಷ್ಟೋ ಕಡೆ ನಡೆದಿದೆ. ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುಮಾಡಬಹುದು. ಹಾಗೇನಾದರೂ ಆದರೆ ಕಾದು ನೋಡಬಾರದು, ಅನುಮಾನ ಬಂದ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಫೋಟೋದಲ್ಲಿ ಇನ್ನೊಂದು ಕಂಡಿತು. ಅಮ್ಮನ ಬಿಪಿ ಮಾತ್ರೆ ಆಮ್ಲೋಡಿಪಿನ್ 5 ಎಂಜಿ ಎರಡು ಬೇರೆ ಬೇರೆ ಹೆಸರಿನ ಶೀಟುಗಳಲ್ಲಿದೆ. ಒಂದು ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಕಾಯಿಲೆಗಳ) ಕ್ಲಿನಿಕ್ಕಿನದು, ಇನ್ನೊಂದು ಅಂಗಡಿಯದು ಇರಬೇಕು. ಎರಡರಲ್ಲೂ ಇರುವುದು ಒಂದೇ ಔಷಧ. ಅಮ್ಮ ಎರಡನ್ನೂ ನುಂಗುತ್ತಿದ್ದರೆ ಕಾಲು ಊದಿಕೊಳ್ಳುವುದಕ್ಕೂ ಎದ್ದಾಗ ತಲೆ ತಿರುಗುವುದಕ್ಕೂ ಅದೇ ಕಾರಣ ಇರಬಹುದು. ವಯಸ್ಸಾದವರು ಬಚ್ಚಲಲ್ಲಿ ಬೀಳುವುದರ ಹಿಂದೆ ಹಲವು ಸಲ ಇಂಥದ್ದೇ ಇರುತ್ತದೆ. ಶೀಟಿನ ಮೇಲೆ ಕಂಪನಿ ಇಟ್ಟ ಹೆಸರನ್ನು ಬಿಡು, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದು. ಎರಡು ಶೀಟಿನಲ್ಲಿ ಅದೇ ಹೆಸರು ಕಂಡರೆ ಒಂದನ್ನು ಎತ್ತಿಟ್ಟು ಡಾಕ್ಟರನ್ನು ಕೇಳು.

ಅಪ್ಪನ ಲೆಕ್ಕ ಇಷ್ಟು ವರ್ಷ ಬಣ್ಣದ ಮೇಲೆ ನಡೆದಿದೆ: ಬಿಳಿಯದು ಬೆಳಗ್ಗೆ, ಗುಲಾಬಿಯದು ರಾತ್ರಿ. ಕಣ್ಣು ಮಂಜಾದ ಮೇಲೆ ತಿಳಿಗುಲಾಬಿ, ತಿಳಿಹಳದಿ, ಬಿಳಿ ಎಲ್ಲ ಒಂದೇ ಥರ ಕಾಣುತ್ತವೆ. ಅಂಗಡಿಯವರು ಕಂಪನಿ ಬದಲಿಸಿ ಕೊಟ್ಟರಂತೂ ಬಣ್ಣವೇ ಬದಲಾಗುತ್ತದೆ. ಹಾಗಾಗಿ ಮಾತ್ರೆಯ ಗುರುತು ಕಣ್ಣಿನಿಂದ ಜಾಗಕ್ಕೆ, ಕೈಗೆ ದಾಟಬೇಕು. ನೀನು ಮಾಡಬೇಕಾದ ಮುಖ್ಯ ಕೆಲಸ ಇದೇ ಕಣೋ. ಅಪ್ಪನ ಕೈಯಿಂದ ಮಾತ್ರೆ ಕಿತ್ತುಕೊಂಡು ಬೇರೆಯವರ ಕೈಗೆ ಕೊಡುವುದು ಬೇಡ. ಅವರೇ ತಡವಿ ತೆಗೆದುಕೊಳ್ಳುವ ಹಾಗೆ ಜೋಡಿಸು.

ಏಳು ದಿನದ, ದಿನಕ್ಕೆ ನಾಲ್ಕು ಮನೆಯ ಮಾತ್ರೆ ಡಬ್ಬ ಎರಡು ತಗೋ, ಒಟ್ಟಿಗೆ ಇಡಬೇಡ. ಅಪ್ಪನದು ಅವರ ಮಂಚದ ಹತ್ತಿರದ ಗೂಡಿನಲ್ಲಿರಲಿ, ಅಮ್ಮನದು ಅಡುಗೆಮನೆಯ ಶೆಲ್ಫಿನಲ್ಲಿ, ಒಲೆಯ ಶಾಖ ತಾಗದ ಕಡೆ. ಅಪ್ಪನ ಡಬ್ಬಕ್ಕೆ ದಪ್ಪ ರಬ್ಬರ್ ಬ್ಯಾಂಡ್ ಹಾಕು, ಕತ್ತಲಲ್ಲೂ ತನ್ನದು ಅಂತ ಕೈಗೆ ತಿಳಿಯುತ್ತದೆ. ಕೆಲವು ಡಬ್ಬದ ಮೇಲೆ ಬ್ರೈಲ್ ಚುಕ್ಕೆ ಇರುತ್ತದೆ. ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರು ಸಾಮಾನ್ಯವಾಗಿ ಬ್ರೈಲ್ ಕಲಿತಿರುವುದಿಲ್ಲ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡ. ಅಮ್ಮನ ಡಬ್ಬದ ಮೇಲಿನ ಇಂಗ್ಲಿಷ್ ಅಕ್ಷರಗಳ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಕಪ್ಪು ಮಾರ್ಕರಿನಲ್ಲಿ ಸೋಮ, ಮಂಗಳ ಅಂತ ಕನ್ನಡದಲ್ಲಿ ಬರೆ.

ಅಪ್ಪನ ಬೆರಳುಗಳ ಬಗ್ಗೆ ಒಂದು ಎಚ್ಚರ. ಶಿಡ್ಲಘಟ್ಟದ ರೇಷ್ಮೆ ರೀಲಿಂಗಿನಲ್ಲಿ ಬಿಸಿನೀರಿನಲ್ಲಿರುವ ಗೂಡಿಗೆ ಕೈ ಹಾಕಿ ಅಷ್ಟು ವರ್ಷ ದುಡಿದವರು, ಮೇಲೆ ಶುಗರ್ ಬೇರೆ. ಬೆರಳ ತುದಿಯ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಇದೆ. ಅಂಗಡಿಗಳಲ್ಲಿ ಸಿಗುವ ಉಬ್ಬು ಚುಕ್ಕೆ ಸ್ಟಿಕ್ಕರ್ ಅವರಿಗೆ ತಿಳಿಯದೇ ಹೋಗಬಹುದು. ಎರಡು ಬಟ್ಟೆ ತುಂಡು ತಗೊಂಡು ಒಂದಕ್ಕೆ ಒಂದು ಶರ್ಟಿನ ಗುಂಡಿ, ಇನ್ನೊಂದಕ್ಕೆ ಎರಡು ಗುಂಡಿ ಹೊಲಿ. ಕಣ್ಣು ಮುಚ್ಚಿಸಿ ಕೊಟ್ಟು ಯಾವುದು ಎಷ್ಟು ಅಂತ ಕೇಳು, ನಾಲ್ಕೈದು ಸಲ ಅದಲುಬದಲು ಮಾಡಿ. ತಪ್ಪದೆ ಹೇಳಿದರೆ ಡಬ್ಬಕ್ಕೆ ಸೇರದ ಔಷಧಗಳಿಗೆ ಗುಂಡಿ ಹೊಲಿದ ಸಣ್ಣ ಚೀಲ ಮಾಡಿಸು. ಹೇಳಲಾಗದಿದ್ದರೆ ಗುರುತನ್ನು ಇನ್ನೂ ದಪ್ಪ ಮಾಡು, ಇಲ್ಲವೇ ಜಾಗವನ್ನಷ್ಟೇ ನಂಬು.

ಡಬ್ಬ ತುಂಬುವುದು ಒಬ್ಬರ ಕೆಲಸ, ವಾರಕ್ಕೆ ಒಂದು ದಿನ, ಹಗಲು ಬೆಳಕಿನಲ್ಲಿ. ನಿಮ್ಮ ಅತ್ತಿಗೆ ಮಾಡಲಿ. ಒಂದು ದಿನದ ಎಲ್ಲ ಮಾತ್ರೆ ಹಾಕಿ ಮುಂದಿನ ದಿನಕ್ಕೆ ಹೋಗುವುದು ಬೇಡ, ಅಲ್ಲೇ ತಪ್ಪಾಗುವುದು. ಒಂದು ಔಷಧ ಕೈಗೆ ತಗೊಂಡರೆ ಏಳೂ ದಿನಕ್ಕೆ ಅದನ್ನೇ ಹಾಕಿ ಮುಗಿಸಬೇಕು, ಶೀಟು ಪಕ್ಕಕ್ಕಿಟ್ಟು ಆಮೇಲೆ ಇನ್ನೊಂದು. ದಿನಕ್ಕೆ ಎರಡು ಸಲದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಆದರೆ 14 ಖರ್ಚಾಗಿರಬೇಕು. ಶೀಟಿನಲ್ಲಿ ಉಳಿದದ್ದು ಎಣಿಸಿದರೆ ತಪ್ಪು ಅಲ್ಲೇ ಸಿಗುತ್ತದೆ. ಮಾತ್ರೆಯನ್ನು ಸ್ಟೀಲ್ ತಟ್ಟೆಗೆ ಹಾಕಿ ಅಪ್ಪನಿಗೆ ಕೊಡುವುದನ್ನು ನಿಲ್ಲಿಸಿ. ಹೊಳೆಯುವ ಸ್ಟೀಲಿನ ಮೇಲೆ ಬಿಳಿ ಮಾತ್ರೆ ಕಾಣುವುದೇ ಇಲ್ಲ. ಅಂಚಿರುವ ಕಪ್ಪು ಅಥವಾ ಕಡುನೀಲಿ ಪ್ಲಾಸ್ಟಿಕ್ ತಟ್ಟೆ ಸಾಕು. ಜಾರಿ ಬಿದ್ದ ಮಾತ್ರೆ ಹುಡುಕುವ ಪಾಡೂ ತಪ್ಪುತ್ತದೆ.

ಕೆಲವನ್ನು ಡಬ್ಬಕ್ಕೆ ಹಾಕಬಾರದು. ನಾಲಿಗೆ ಕೆಳಗಿಡುವ ಎದೆನೋವಿನ ಮಾತ್ರೆ, ನೀರಿನಲ್ಲಿ ಕರಗಿಸುವ ಮಾತ್ರೆ, ಫಿಟ್ಸಿಗೆ ಕೊಡುವ ಸೋಡಿಯಂ ವಾಲ್‌ಪ್ರೋಯೇಟ್ ತಮ್ಮ ಶೀಟು ಅಥವಾ ಬಾಟಲಿಯಲ್ಲೇ ಇರಬೇಕು, ಗಾಳಿ, ತೇವ ತಾಗಿದರೆ ಕೆಡುತ್ತವೆ. ನೋವು ಬಂದಾಗ ಮಾತ್ರ ತೆಗೆದುಕೊಳ್ಳುವವೂ ಹೊರಗೇ ಇರಲಿ. ಥೈರಾಯ್ಡ್ ಮಾತ್ರೆ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿಯಾಗಿ. ಅದನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಕುಡಿಯಬಾರದು. ಅಮ್ಮ ಡೈರಿಗೆ ಹಾಲು ಹಾಕಲು ಹೊರಡುವ ಮುಂಚೆ ಮಾತ್ರೆ, ವಾಪಸು ಬಂದ ಮೇಲೆ ಕಾಫಿ ಅಂತ ಗೊತ್ತು ಮಾಡಿಬಿಡು. ಗಡಿಯಾರಕ್ಕಿಂತ ಡೈರಿ ಹೆಚ್ಚು ನೆನಪಿರುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಥೈರಾಯ್ಡಿನದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಅರ್ಧ ಮಾತ್ರೆ ಬರೆದಿದ್ದರೆ ಡಾಕ್ಟರನ್ನು ಕೇಳಿ ಬದಲಿಸು. ಕಣ್ಣು ಕಾಣದವರ ಕೈಯಲ್ಲಿ ಮಾತ್ರೆ ಸಮನಾಗಿ ಮುರಿಯುವುದಿಲ್ಲ. ಆಮ್ಲೋಡಿಪಿನ್ 2.5 ಎಂಜಿಯದೇ ಸಿಗುತ್ತದೆ, 5ರದ್ದನ್ನು ಮುರಿಯುವುದು ಯಾಕೆ? ಅಪ್ಪನ ಮೆಟ್‌ಫಾರ್ಮಿನ್ ಶೀಟಿನ ಮೇಲೆ ಎಸ್‌ಆರ್ ಅಂತಿದೆ. ಅದನ್ನು ಮುರಿಯಲೂಬಾರದು, ಪುಡಿ ಮಾಡಲೂಬಾರದು. ನಿಧಾನವಾಗಿ ಬಿಡಬೇಕಾದ ಔಷಧ ಒಂದೇ ಸಲಕ್ಕೆ ಹೊಟ್ಟೆಗಿಳಿಯುತ್ತದೆ.

ಕಣ್ಣಿನ ಹನಿಯ ವಿಷಯಕ್ಕೆ ಬರುತ್ತೇನೆ, ಅಪ್ಪನಿಗೆ ಉಳಿದಿರುವ ದೃಷ್ಟಿ ಅದರ ಮೇಲೆ ನಿಂತಿದೆ. ಅಪ್ಪನ ಗ್ಲಾಕೋಮಾದಲ್ಲಿ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒಳಗಿನ ಒತ್ತಡದಿಂದ ನರ ಕೆಡುವ ಕಾಯಿಲೆಯಲ್ಲಿ, ಹೋದ ದೃಷ್ಟಿ ಮರಳುವುದಿಲ್ಲ. ಹನಿ ಹಾಕುವುದು ಉಳಿದದ್ದನ್ನು ಕಾಯುವುದಕ್ಕೆ. ಮೊದಲು ಕಿವಿಯ ಹನಿಯ ಬಾಟಲಿಗೆ ದಾರ ಸುತ್ತಿ ಬೇರೆ ಕೋಣೆಯಲ್ಲಿಡು, ಎರಡು ಬಾಟಲಿಯೂ ಒಂದೇ ಆಕಾರ. ಹನಿ ಹಾಕುವಾಗ ಅಪ್ಪ ಮಲಗಲಿ. ಬಾಟಲಿ ಹಿಡಿದ ಕೈಯ ಮಣಿಕಟ್ಟು ಹಣೆಯ ಮೇಲೆ ಊರಲಿ, ಇನ್ನೊಂದು ಕೈಯ ಬೆರಳು ಕೆಳರೆಪ್ಪೆಯನ್ನು ಕೆಳಗೆಳೆಯಲಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಒಂದು ಹನಿ ಸಾಕು, ಕಣ್ಣಿನಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವೇ ಇಲ್ಲ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹನಿ ಮೂಗಿಗಿಳಿದು ರಕ್ತಕ್ಕೆ ಸೇರುತ್ತದೆ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿ ಹಾಗೆ ಸೇರಿದರೆ ನಾಡಿ ನಿಧಾನವಾಗಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಅಪ್ಪನಿಗೆ ಉಬ್ಬಸ ಇದ್ದರೆ ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಬೇಕು. ಬೇರೆ ಔಷಧದ ಎರಡನೇ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಹನಿ ಕಣ್ಣಿಗೆ ಬಿತ್ತೋ ಕೆನ್ನೆಗೆ ಬಿತ್ತೋ ಅಪ್ಪನಿಗೆ ತಿಳಿಯದಿದ್ದರೆ ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ತಣ್ಣಗೆ ಬಿದ್ದರೆ ಗೊತ್ತಾಗುತ್ತದೆ. ತೆರೆದ ದಿನಾಂಕ ಬಾಟಲಿಯ ಮೇಲೆ ಬರೆದು ತಿಂಗಳಿಗೆ ಬದಲಿಸಿ. ಕಣ್ಣು ಕೆಂಪಾಯಿತು ಅಂತ ಅಂಗಡಿಯಲ್ಲಿ ಕೇಳಿ ಬೇರೆ ಹನಿ ತರಬೇಡ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು.

ರಾತ್ರಿಯ ಇನ್ಸುಲಿನ್ ಪೆನ್ನನ್ನು ಅಪ್ಪ ಕ್ಲಿಕ್ ಎಣಿಸಿ ತಿರುಗಿಸುತ್ತಾರೆ ಅಂದೆ. ಪ್ರತಿ ಕ್ಲಿಕ್ಕಿಗೆ ಒಂದು ಯೂನಿಟ್ ಅನ್ನುವ ಲೆಕ್ಕ ಸರಿ, ಆದರೆ ಅದೊಂದನ್ನೇ ನಂಬುವ ಹಾಗಿಲ್ಲ. ಕಿಂಡಿಯಲ್ಲಿನ ಅಂಕಿ ಅಮ್ಮ ನೋಡಲಿ. ಮೊದಲು ಎರಡು ಯೂನಿಟ್ ಗಾಳಿಗೆ ಬಿಟ್ಟು ಸೂಜಿಯ ತುದಿಯಲ್ಲಿ ಹನಿ ಬಂತೇ ಅಂತ ನೋಡಬೇಕು, ಚುಚ್ಚಿದ ಮೇಲೆ ಹತ್ತು ಎಣಿಸಿ ತೆಗೆಯಬೇಕು. ಪೆನ್ನಿನ ಇನ್ಸುಲಿನ್ ಸಾಮಾನ್ಯವಾಗಿ ಎಂಎಲ್‌ಗೆ 100 ಯೂನಿಟ್ಟಿನದು. ಪೆನ್ ಕೆಟ್ಟಿತು ಅಂತ ಅದರಿಂದ ಕೆಂಪು ಮುಚ್ಚಳದ, ಎಂಎಲ್‌ಗೆ 40 ಯೂನಿಟ್ಟಿನ ಲೆಕ್ಕದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಡೋಸು ಮೈ ಸೇರುತ್ತದೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳು. ಬೆಳಗಿನ ಶುಗರ್ ಮಾತ್ರೆ ಗ್ಲಿಮೆಪಿರೈಡ್ ತಿಂಡಿ ಮುಂದಿದ್ದಾಗ ಮಾತ್ರ. ತಗೊಂಡೆನೋ ಇಲ್ಲವೋ ಅಂತ ಅನುಮಾನ ಬಂದರೆ ಶುಗರ್ ಮಾತ್ರೆ, ಇನ್ಸುಲಿನ್ ಎರಡರಲ್ಲಿ ಯಾವುದನ್ನೂ ಮತ್ತೆ ತೆಗೆದುಕೊಳ್ಳಬಾರದು. ಬೆವರು, ನಡುಕ, ತೊದಲು ಕಂಡರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ 15 ನಿಮಿಷಕ್ಕೆ ಶುಗರ್ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಅಮ್ಮನ ಕಷ್ಟ ಹೊರಗೆ ಕಾಣುವುದಿಲ್ಲ. ಡಾಕ್ಟರ್ ಹೇಳಿದ್ದಕ್ಕೆಲ್ಲ ‘ಆಯ್ತು ಸಾರ್’ ಅಂತ ತಲೆಯಾಡಿಸಿ ಬರುತ್ತಾರೆ, ಕೇಳಿಸಿರುವುದು ಅರ್ಧ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಸಣ್ಣ, ಚೂಪು ದನಿಗಳು. ಮಾತು ನಡೀತಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಬಿಡಿಸಿ ಕೇಳುವುದಿಲ್ಲ. ‘ಮೂರು’ ಅಂದದ್ದು ‘ಆರು’ ಆಗಬಹುದು. ಕೂಗಿದರೆ ದನಿ ಇನ್ನೂ ಒಡೆಯುತ್ತದೆ. ಎದುರಿಗೆ, ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತು, ಮೂರು ಅಡಿ ದೂರದಿಂದ, ನಿಧಾನವಾಗಿ ಮಾತಾಡಬೇಕು. ಆಸ್ಪತ್ರೆಗೆ ಹೋಗುವಾಗ ಕಿವಿ ಮೆಷಿನ್ ಹಾಕಿಸಿ, ಜೊತೆಗೆ ಒಂದು ನೋಟ್‌ಬುಕ್ಕು ಕಳಿಸು. ಪ್ರಮಾಣ, ಹೊತ್ತು ಬರೆಸಿಕೊಳ್ಳಲಿ. ಆಮೇಲೆ ‘ಅರ್ಥ ಆಯ್ತಾ’ ಅಂತ ಕೇಳಬೇಡ. ‘ಇದನ್ನು ಯಾವಾಗ, ಎಷ್ಟು ತಗೋತೀರಿ, ನನಗೆ ಹೇಳಿ’ ಅಂತ ಕೇಳು. ಎರಡಕ್ಕೂ ಬರುವ ಉತ್ತರ ಬೇರೆ. ಹೊಸ ಔಷಧ ಶುರುವಾದ ಮೇಲೆ ಕಿವಿಯಲ್ಲಿ ಗುಯ್ ಅನ್ನುವುದು ಹೆಚ್ಚಾದರೆ ಡಾಕ್ಟರಿಗೆ ಹೇಳು. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್‌ಗಳು ಕಿವಿಗೆ ಪೆಟ್ಟು ಕೊಡಬಲ್ಲವು, ಹೆಚ್ಚು ಪ್ರಮಾಣದ ಆಸ್ಪಿರಿನ್ ಕೂಡ. ಮೊದಲೇ ಕಿವಿ ಮಂದ ಅಂತ ಅಡ್ಮಿಟ್ ಆಗುವಾಗ ತಿಳಿಸಬೇಕು.

ಇಬ್ಬರೂ ಜೊತೆಗಿರುವುದು ನಿನ್ನ ಪುಣ್ಯ. ಅಲಾರಂ ಅಪ್ಪನ ಕಿವಿಗೆ, ಓದುವುದು ಅಮ್ಮನ ಕಣ್ಣಿಗೆ. ನಿಮ್ಮ ಮನೆ ಮಾತು ತೆಲುಗು, ಹಾಗಾಗಿ ಅತ್ತಿಗೆಯ ದನಿಯಲ್ಲಿ ತೆಲುಗಿನಲ್ಲೇ ‘ನಾನ್ನಾ, ರಾತ್ರಿ ಮಾತ್ರಲು’ ಅಂತ ರೆಕಾರ್ಡ್ ಮಾಡಿ ಅದನ್ನೇ ಫೋನಿನ ಅಲಾರಂ ಸದ್ದಾಗಿ ಇಡು. ಬರೀ ಗಂಟೆ ಬಾರಿಸಿದರೆ ಯಾವ ಹೊತ್ತಿನದು ಅಂತ ಅಪ್ಪನಿಗೆ ತಿಳಿಯುವುದಿಲ್ಲ. ಅಮ್ಮ ಒಬ್ಬರೇ ಇರುವ ದಿನಕ್ಕೆ ವೈಬ್ರೇಟ್ ಆಗುವ ಕೈಗಡಿಯಾರ ಬೇಕು, ರಾತ್ರಿ ಮೆಷಿನ್ ತೆಗೆದಿಟ್ಟ ಮೇಲೆ ಅವರಿಗೆ ಯಾವ ಅಲಾರಂ ಕೂಡ ಕೇಳಿಸದು. ಮಾತ್ರೆ ತಗೊಂಡ ಮನೆಯ ಮುಚ್ಚಳ ತೆರೆದೇ ಬಿಡಲಿ, ಅಪ್ಪ ತಡವಿದರೂ ಗೊತ್ತಾಗುತ್ತದೆ, ಅಮ್ಮ ನೋಡಿದರೂ ಗೊತ್ತಾಗುತ್ತದೆ. ಮನೆಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯವರೋ ಆಶಾ ಕಾರ್ಯಕರ್ತೆಯೋ ಬಂದಾಗ ತೋರಿಸಲು ಔಷಧಗಳ ಪಟ್ಟಿಯ ಒಂದು ಹಾಳೆ ಗೋಡೆಗೆ ಅಂಟಿಸು. ಔಷಧದ ಹೆಸರು, ಎಂಜಿ, ಯಾರಿಗೆ, ಯಾವ ಹೊತ್ತಿಗೆ, ಯಾಕೆ, ಅಷ್ಟೇ. ಬದಲಾದಾಗ ಹೊಡೆದು ಹಾಕಿ ತಿದ್ದಬೇಡ, ಹೊಸ ಹಾಳೆ ಬರೆದು ಹಳೆಯದನ್ನು ಹರಿದುಬಿಡು. ಅಂಗಡಿಯಲ್ಲಿ ಶೀಟು ಕತ್ತರಿಸಿಕೊಳ್ಳುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿ ನಿನ್ನ ಕಡೆ ಬರಲಿ ಅಂತ ಕೇಳಲು ಸಂಕೋಚ ಪಡಬೇಡ.

ಕೊನೆಗೆ ನಿಮ್ಮ ದೊಡ್ಡಮ್ಮನ ವಿಷಯ. ಕೀಲುಬಾವಿಗೆ ಕೊಟ್ಟಿರುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧ. ದಿನಾ ನುಂಗಿದರೆ ಪ್ರಾಣಕ್ಕೆ ಬರುತ್ತದೆ. ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯೂ ಹಲವು ಸಲ ಅದೇ ಹಳದಿ, ಅಷ್ಟೇ ಚಿಕ್ಕದು, ಮಂಜುಗಣ್ಣಿಗೆ ಎರಡೂ ಒಂದೇ. ಮೆಥೋಟ್ರೆಕ್ಸೇಟನ್ನು ನೀನಾಗಲಿ ಅತ್ತಿಗೆಯಾಗಲಿ ಇಟ್ಟುಕೊಂಡು, ಡಾಕ್ಟರ್ ಹೇಳಿದ ವಾರದ ದಿನ ಮಾತ್ರ ಕೈಗೆ ಕೊಡಿ, ಇಡೀ ಶೀಟು ಅವರ ಹತ್ತಿರ ಬಿಡಬೇಡಿ. ಬಾಯಲ್ಲಿ ಹುಣ್ಣು, ಜ್ವರ, ಮೈ ಮೇಲೆ ಕಾರಣವಿಲ್ಲದ ನೀಲಿ ಕಲೆ ಕಂಡರೆ ಮುಂದಿನ ಡೋಸು ಕೊಡದೆ ಅವತ್ತೇ ಡಾಕ್ಟರಿಗೆ ತೋರಿಸಿ.

ನಿನ್ನ ಗೆಳೆಯ